ಲೋಬಾನ ಹಾಕಿಸಿಕೊಂಡ ಚಿಗರಿ ಮರಿ

ನಮ್ಮ ಅತ್ತೆಗೆ ಕೂಸು ಕಂಡರೆ ಕೈ ಸುಮ್ಮನಿರುವುದಿಲ್ಲ. ತಾಂಬಾದ ನಮ್ಮ ಓಣಿಯಲ್ಲಿ ಹುಟ್ಟಿದ ಅರ್ಧಕ್ಕರ್ಧ ಮಕ್ಕಳನ್ನು ಕಾಲ ಮೇಲೆ ಹಾಕಿಕೊಂಡು ಎರೆದವರು ಅವರೇ. ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ದು, ಕೆಂಡದ ಮೇಲೆ ಲೋಬಾನ ಉದುರಿಸಿ ಹೊಗೆ ಹಿಡಿದು, ಹಣೆಗೊಂದು ಕಪ್ಪು ಬೊಟ್ಟಿಟ್ಟರೇ ಅವರಿಗೆ ಸಮಾಧಾನ. ನನ್ನ ಇಬ್ಬರು ಮಕ್ಕಳೂ ಆ ಹೊಗೆಯಲ್ಲಿ ಕೆಮ್ಮುತ್ತಲೇ ದೊಡ್ಡವರಾದರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಹೊಗೆ ಕೂಸಿಗೆ ಒಳ್ಳೆಯದಲ್ಲ ಎಂದು ಎಷ್ಟು ಹೇಳಿದರೂ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಹೋದ ಶ್ರಾವಣದ ಒಂದು ರವಿವಾರ ಅತ್ತೆ ಹೆಸರುಕಾಯಿ ಬಿಡಿಸಲು ಹೊಲಕ್ಕೆ ಹೋದವರು ಮಧ್ಯಾಹ್ನವೇ ಮರಳಿ ಬಂದರು. ನಾನು ಊಟ ಮಾಡಿ ಅಡ್ಡಾಗಿದ್ದೆ. ಲೋಬಾನದ ವಾಸನೆಗೆ ಎಚ್ಚರವಾಗಿ, ಇವತ್ತು ಯಾರ ಮನೆಯ ಕೂಸಪ್ಪ ಎಂದು ಹಿತ್ತಲಿಗೆ ಬಂದು ನೋಡಿದರೆ ಮಣೆಯ ಮೇಲೆ ಒಂದು ಚಿಗರಿ ಮರಿ, ಜಿಂಕೆಯ ಕೂಸು. ಹುಟ್ಟಿ ಎರಡೋ ಮೂರೋ ದಿನವಾಗಿರಬೇಕು. ಮೈಗೆಲ್ಲ ಔಡಲೆಣ್ಣೆ, ಸುತ್ತ ಹೊಗೆ, ಹಣೆಯ ಮೇಲೆ ಕಪ್ಪು ಬೊಟ್ಟು. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ತಾಯಿ ಬಿಟ್ಟು ಹೋಗ್ಯಾಳವಾ. ಹೆಸರಿನ ಸಾಲಾಗ ಒಂದ ಬಿದ್ದಿತ್ತು," ಎಂದರು ಅತ್ತೆ.

"ಬಿಟ್ಟು ಹೋಗಿಲ್ಲರಿ ಅತ್ಯಾರ! ಮರಿ ಬಚ್ಚಿಟ್ಟು ಮೇಯಾಕ ಹೋಗಿರ್ತೈತಿ. ಹೊತ್ತು ಮುಳುಗೂದ್ರಾಗ ಬಂದು ಹಾಲು ಕುಡಸ್ತೈತಿ," ಎಂದು ನಾನು ಚೀರಿದೆ. ಅವರ ಮುಖ ಸಣ್ಣದಾಯಿತು. ಆ ದನಿ ಬೇಕಿರಲಿಲ್ಲ ಎಂದು ಈಗಲೂ ಅನ್ನಿಸುತ್ತದೆ.

ಅರಣ್ಯ ಇಲಾಖೆಗೆ ಫೋನ್ ಮಾಡಿದೆ. ಸಿಕ್ಕ ಜಾಗದಲ್ಲೇ ಬಿಡಿ, ದೂರ ಇರಿ, ತಾಯಿ ಬಾರದಿದ್ದರೆ ತಿಳಿಸಿ ಎಂದರು. ಅಷ್ಟರಲ್ಲಿ ಮಾವ ಕಟ್ಟೆಯಿಂದ ಬಂದರು. ಬಾಗಿಲಲ್ಲೇ ನಿಂತು ಮೂಗು ಎಳೆದರು.

"ಈ ವಾಸನಿಗೆ ತಾಯಿ ಅಲ್ಲ, ತೋಳ ಸೈತ ಹತ್ರ ಬರಾಂಗಿಲ್ಲ."

ಅತ್ತೆ ಕುಸಿದು ಕುಳಿತರು. "ಹಂಗಾದ್ರ ನನ್ನ ಕೈಯಾರೆ ಇದನ್ನ ಕೊಂದ್ನೇನ್ರಿ?"

ಮಾವ ಅಂಗಿ ಕಳಚಿ ಗೂಟಕ್ಕೆ ಹಾಕಿದರು.

ಇಲ್ಲೊಂದು ಮಾತು ಹೇಳಬೇಕು. ಮಾವ ಹರೆಯದಲ್ಲಿ ಬಂದೂಕು ಹಿಡಿದು ಚಿಗರಿ ಬೇಟೆಗೆ ಹೋಗುತ್ತಿದ್ದರು ಎನ್ನುವುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಆಡುವುದಿಲ್ಲ. ಬಂದೂಕು ಬಿಟ್ಟು ನಲವತ್ತು ವರ್ಷದ ಮೇಲಾಯಿತು. ಮದುವೆಯಾಗಿ ಬಂದ ಹೊಸತರಲ್ಲೇ ಅತ್ತೆ ಅವರಿಂದ ಒಂದು ಭಾಷೆ ತೆಗೆದುಕೊಂಡಿದ್ದರಂತೆ: ಹೆಣ್ಣು ಚಿಗರಿಗೆ ಗುಂಡು ಹಾರಿಸಬಾರದು. "ಗಂಡು ಹೊಡದಾರ, ಖರೆ. ತಾಯಿ ಮ್ಯಾಲೆ ಕೈ ಮಾಡಿಲ್ಲ," ಎಂದು ಅತ್ತೆ ನನ್ನೆದುರು ಎಷ್ಟೋ ಸಲ ಹೇಳಿದ್ದಾರೆ. ಹೇಳುವಾಗ ಅವರ ಕತ್ತು ತುಸು ನೆಟ್ಟಗಾಗುತ್ತಿತ್ತು.

ಅಂದು ಮಾವ ಹೇಳಿದ ಹಾಗೆ ನಾವು ಕೇಳಿದೆವು. ಸೋಪಿಲ್ಲದೆ ಬರೀ ನೀರಲ್ಲಿ ಮೈ ತೊಳೆದು, ಬಿಸಿಲಿಗೆ ಒಣಗಿದ ಸೀರೆ ಉಟ್ಟೆವು. ಎಲೆ ಅಡಿಕೆ ಹಾಕಬೇಡ ಎಂದಾಗ ಗಂಡನ ಮಾತನ್ನು ಜನ್ಮದಲ್ಲಿ ಕೇಳದ ಅತ್ತೆ ಬಾಯಿ ಮುಕ್ಕಳಿಸಿ ಬಂದರು. ಹೊಲದಲ್ಲಿ, ಜಾಲಿಗಿಡದಿಂದ ಮೂರನೆಯ ಸಾಲಿನಲ್ಲಿ, ಮರಿ ಮಲಗಿದ್ದ ತಗ್ಗನ್ನು ಅವರೇ ತೋರಿಸಿದರು. ಮಾವ ಅಲ್ಲಿಯ ಹಸಿ ಮಣ್ಣನ್ನೇ ಹಿಡಿಹಿಡಿಯಾಗಿ ತೆಗೆದು ಮರಿಯ ಮೈಗೆ ತಿಕ್ಕಿದರು, ಮೇಲೆ ಹೆಸರಿನ ಸೊಪ್ಪು ಹಿಸುಕಿ ಒರೆಸಿದರು. ಬೊಟ್ಟನ್ನು ಹೆಬ್ಬೆರಳಿನಿಂದ ಉಜ್ಜಿ ತೆಗೆದರು. ಔಡಲೆಣ್ಣೆ ಎಲ್ಲಿ ಅಷ್ಟು ಬೇಗ ಬಿಡುತ್ತದೆ?

ಇನ್ನು ನಾವು ಎಲ್ಲಿ ಕೂರುವುದು? ಬೀದಿ ನಾಯಿಗಳು ಹೊಲದವರೆಗೂ ಬರುತ್ತವೆ, ಕಾಯದೆ ವಿಧಿಯಿಲ್ಲ. ಪಶ್ಚಿಮಕ್ಕೆ ಬೇವಿನ ಮರವೊಂದಿತ್ತು. ನೆರಳು, ನೋಡಲು ಅನುಕೂಲ, ನಾನು ಅತ್ತಲೇ ಹೊರಟೆ. ಮಾವ ತಡೆದರು. ಮನೆಯಿಂದ ತಂದಿದ್ದ, ಅತ್ತೆಯ ದೀಪದ ಬತ್ತಿಯ ಹತ್ತಿಯಲ್ಲಿ ಒಂದೆಳೆ ಕಿತ್ತು ಗಾಳಿಗೆ ಬಿಟ್ಟರು. ಅದು ಬೇವಿನ ಕಡೆಯಿಂದ ಮರಿಯ ಮೇಲೆ ಹಾದು ಪೂರ್ವಕ್ಕೆ ತೇಲಿಹೋಯಿತು.

"ಅಲ್ಲಿ ಕುಂತ್ರ ನಮ್ಮ ವಾಸನಿ ಮರಿ ಮ್ಯಾಲೆ ಹರೀತೈತಿ," ಎಂದರು.

"ಹಂಗಾದ್ರ ಮೂಡಣಕ್ಕ ಕುಂದ್ರೂಣ್ರಿ. ನಮ್ಮ ವಾಸನಿ ಆಚೆ ಹೋಗ್ತೈತಿ," ಎಂದೆ ನಾನು, ವಿಜ್ಞಾನದ ಟೀಚರಲ್ಲವೇ.

"ಅದು ಆಕಿ ದಾರಿ. ತಾಯಿ ಸೀದಾ ಮರಿಗೆ ಬರಾಂಗಿಲ್ಲ. ದೂರದಿಂದ ಕಣ್ಣಿಲೆ ನೋಡ್ತಾಳ, ಆಮ್ಯಾಲ ಸುತ್ತು ಹೊಡದು ಮೂಡಣದಾಗ ನಿಂತು ಗಾಳಿ ಹಿಡೀತಾಳ. ಭಯ ಇಲ್ಲ ಅಂತ ಗೊತ್ತಾದ್ರ ಮುಂದ ಬರ್ತಾಳ. ನಾವು ಅಡ್ಡ ಗಾಳಿಗೆ ಕುಂದರಬೇಕು."

ದಕ್ಷಿಣದ ಒಡ್ಡಿನ ಹಿಂದೆ ಮೂವರೂ ಬೋರಲಾಗಿ ಮಲಗಿದೆವು. ನನ್ನ ಬಾಯಿಗೆ ಬೀಗವಿಲ್ಲ. ಪಿಸುಗುಟ್ಟಿ ಕೇಳಿಯೇಬಿಟ್ಟೆ: "ಗಂಡು ಚಿಗರಿ ಅಂತೂ ಮರಿ ಹತ್ರ ಬರಾಂಗಿಲ್ಲಲ್ಲರಿ ಮಾವಾರ. ತಾಯಿ ಹಿಂಗ ಬರ್ತೈತಿ ಅಂತ ನಿಮಗ ಹೆಂಗ ಗೊತ್ತು?"

ಕೇಳಿದ ಮೇಲೆ ನನಗೇ ಅರ್ಥವಾಯಿತು. ಮಾವ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ಮರಿ ಕಂಡ್ರ ಬ್ಯಾಟಿ ಹುಡುಕೂದು ಬ್ಯಾಡಾಗಿತ್ತು. ಮರಿ ಹತ್ರ ಕಾದು ಕುಂತ್ರ ಸಾಕು, ತಾಯಿ ತಾನ ಬರ್ತಿತ್ತು."

ನಮ್ಮಿಬ್ಬರ ನಡುವೆ ಮಲಗಿದ್ದ ಅತ್ತೆ ಗಂಡನ ಕಡೆಯಿಂದ ಒಂದು ಗೇಣು ನನ್ನ ಕಡೆಗೆ ಸರಿದರು, ಅಷ್ಟೇ. ಐವತ್ತು ವರ್ಷ ಹೆಮ್ಮೆಯಿಂದ ಹೇಳಿಕೊಂಡ ಮಾತು ಅಲ್ಲೇ ಮಣ್ಣಾಯಿತು. ನನ್ನ ನಾಲಿಗೆಯನ್ನು ಕಿತ್ತು ಬಿಸಾಡಬೇಕು ಅನ್ನಿಸಿತು.

ಹೊತ್ತು ಇಳಿಯುವಾಗ ತಾಯಿ ಬಂತು. ಮಾವ ಹೇಳಿದ ಹಾಗೆಯೇ ದೂರ ನಿಂತು ನೋಡಿ, ಸುತ್ತು ಹಾಕಿ, ಪೂರ್ವದ ತುದಿಯಲ್ಲಿ ನಿಂತು ಮೂಗೆತ್ತಿತು. ಮುಂದೆ ಬಂದು ಮರಿಯನ್ನು ಮೂಸಿದ್ದೇ ತಡ, ಸೀನಿ ಹಿಂದಕ್ಕೆ ನೆಗೆಯಿತು. ಅತ್ತೆ ನನ್ನ ಮುಂಗೈ ಹಿಡಿದುಕೊಂಡರು. ಬಳೆ ಒತ್ತಿ ನೋವಾದರೂ ನಾನು ಉಸಿರೆತ್ತಲಿಲ್ಲ. ಚಿಗರಿ ತಿರುಗಿ ಹತ್ತು ಹೆಜ್ಜೆ ಹೋಯಿತು. ಮರಿ ಸಣ್ಣಗೆ ಕೂಗಿತು. ಅದು ನಿಂತು, ಮತ್ತೆ ಬಂದು, ಈ ಸಲ ಹಣೆಯನ್ನಲ್ಲ, ಎಣ್ಣೆ ಹೊಗೆ ತಾಗದ ಬಾಲದ ಕೆಳಗೆ ಮೂಸಿತು. ಆಮೇಲೆ ನೆಕ್ಕತೊಡಗಿತು.

ನಾನು ಸಂಭ್ರಮದಿಂದ ಮಾವನ ಕಡೆ ತಿರುಗಿದೆ. ಅವರು ಮುಖವನ್ನು ಮಣ್ಣಿಗೆ ಒತ್ತಿಕೊಂಡು ಮಲಗಿದ್ದರು.

"ಬಂದ್ಲು, ನೋಡ್ರಿ," ಎಂದರು ಅತ್ತೆ. ಆ ಸಂಜೆ ಗಂಡನೊಂದಿಗೆ ಅವರು ಆಡಿದ ಮೊದಲ ಮಾತು ಅದು.

"ನೀ ನೋಡು. ತಾಯಿ ಬರೂತನ ನಾ ಭಾಳ ಸಲ ನೋಡೇನಿ," ಎಂದರು ಮಾವ, ಮುಖ ಎತ್ತದೆ. "ಅದರ ಮುಂದಿಂದು ಒಮ್ಮಿನೂ ನೋಡಿಲ್ಲ."

ಅತ್ತೆ ಕೈ ಚಾಚಿ, ಕೂಸಿಗೆ ಎರೆಯುವಾಗ ಕತ್ತಿನ ಕೆಳಗೆ ಕೈ ಕೊಡುತ್ತಾರಲ್ಲ, ಹಾಗೆ ಅವರ ಗದ್ದ ಹಿಡಿದು ಎತ್ತಿದರು. ಕ್ಷಮಿಸಿದ ಕೈ ಅದಲ್ಲ, ಬಿಗಿಯಾಗಿಯೇ ಹಿಡಿದಿದ್ದರು.

"ಈಗ ನೋಡ್ರಿ," ಎಂದರು.

ಮರಿ ಎದ್ದು ನಿಂತಿತ್ತು. ಕಾಲು ನಡುಗುತ್ತಿದ್ದವು. ಕೆಚ್ಚಲು ಸಿಕ್ಕಿದ್ದೇ ಅದರ ಪುಟ್ಟ ಬಾಲ ಅಲ್ಲಾಡತೊಡಗಿತು. ಹೊಟ್ಟೆ ತುಂಬ ಕುಡಿದು ಮುಗಿಸುವವರೆಗೂ ಅತ್ತೆ ಆ ಗದ್ದವನ್ನು ಬಿಡಲಿಲ್ಲ.