ಎಳೆಯುವಷ್ಟೇ ಭಾರ

ಅವರು ನೆಲದ ಮೇಲೂ ಕಾಲಗಲಿಸಿಯೇ ನಿಲ್ಲುತ್ತಿದ್ದರು. ಎಡಪಾದ ಸ್ವಲ್ಪ ಮುಂದೆ, ಬಲಪಾದ ಅಡ್ಡಕ್ಕೆ, ಮೊಣಕಾಲು ಕೊಂಚ ಬಾಗಿ. ಮಾತಾಡುತ್ತಿದ್ದಂತೆ ಬಲಗೈ ತಾನಾಗಿ ಮೇಲೆದ್ದು, ಅಲ್ಲಿಲ್ಲದ ಕಂಬಿಯನ್ನು ಹುಡುಕಿ ಮತ್ತೆ ಕೆಳಗಿಳಿಯುತ್ತಿತ್ತು. ಕಡೂರಿನಲ್ಲಿ ನಮ್ಮ ವೆಲ್ಡಿಂಗ್ ಶೆಡ್ಡಿನ ಮುಂದೆ ಒಂದು ಮಧ್ಯಾಹ್ನ ಬಡಕಲು ಮೈಯ ಹಿರಿಯರೊಬ್ಬರು ಹಾಗೆ ನಿಂತಿದ್ದರು. ಮುಖ ನೋಡುವ ಮೊದಲೇ ನನಗೆ ಗುರುತು ಸಿಕ್ಕಿತು. ನಮ್ಮ ಕಂಡಕ್ಟರಣ್ಣ.

ಅಜ್ಜಂಪುರದಿಂದ ತರೀಕೆರೆಯ ಕಾಲೇಜಿಗೆ ನಾನು ಮೂರು ವರ್ಷ ಅವರ ಬಸ್ಸಿನಲ್ಲೇ ಓಡಾಡಿದವಳು. ಬಸ್ಸು ಎಷ್ಟೇ ತುಂಬಿರಲಿ, ಅವರು ಯಾರನ್ನೂ ಗದರುತ್ತಿರಲಿಲ್ಲ. "ಒಳಗೆ ಜಾಗ ಐತೆ ಕಣ್ರಪ್ಪಾ, ಒಂದೊಂದು ಹೆಜ್ಜೆ ಹಾಕಿ ಸಾಕು" ಎನ್ನುತ್ತಿದ್ದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ಬೆಳಗಿನ ಬಸ್ಸಿನಲ್ಲೂ ಅದೇ ದಣಿವು. ಸ್ಟಾಪಿನಲ್ಲಿ ಸೀಟು ಖಾಲಿಯಿದ್ದರೂ ಕೂರುತ್ತಿರಲಿಲ್ಲ. "ಕೂತ್ರೆ ಮತ್ತೆ ಏಳಾಕೆ ಮನಸ್ಸು ಬರಲ್ಲ" ಎನ್ನುತ್ತಿದ್ದರು.

ಎರಡನೆಯ ವರ್ಷದಲ್ಲಿ ಒಬ್ಬ ಗಂಡಸು ನೂಕುನುಗ್ಗಲಿನ ನೆಪ ಮಾಡಿಕೊಂಡು ದಿನಾ ನನ್ನ ಹಿಂದೆಯೇ ಬಂದು ನಿಲ್ಲತೊಡಗಿದ. ಯಾರಿಗೆ ಹೇಳುವುದು? ಮನೆಯಲ್ಲಿ ಹೇಳಿದರೆ ಕಾಲೇಜೇ ಬೇಡವೆನ್ನುತ್ತಾರೆ. ನಾನೇ ಬಿಟ್ಟುಬಿಡೋಣ ಎಂದುಕೊಂಡು ಒಂದು ವಾರ ಹೋಗಲಿಲ್ಲ. ಎಂಟನೆಯ ದಿನ ಹತ್ತಿದಾಗ ಬಾಗಿಲ ಪಕ್ಕದ ಸೀಟಿನ ಮೇಲೆ ಅವರ ಟಿಕೆಟ್ ಪೆಟ್ಟಿಗೆ ಇತ್ತು. ಅದನ್ನು ಎತ್ತಿ, "ಕೂತ್ಕೊಳವ್ವಾ" ಎಂದರು. ಆಮೇಲೆ ಆ ಗಂಡಸಿನ ಕಡೆ ತಿರುಗಿ, ಇಡೀ ಬಸ್ಸಿಗೆ ಕೇಳುವಂತೆ, "ನೀನು ನಾಳೆಯಿಂದ ಮುಂದಿನ ಬಾಗ್ಲಲ್ಲಿ ಹತ್ತಪ್ಪಾ. ನಾನು ನೋಡ್ತಾ ಇರ್ತೀನಿ" ಎಂದರು. ಕಾಲೇಜು ಮುಗಿಯುವವರೆಗೆ ಆ ಪೆಟ್ಟಿಗೆ ನನ್ನ ಸ್ಟಾಪಿನವರೆಗೂ ಆ ಸೀಟಿನ ಮೇಲೆ ಕೂತು ಬರುತ್ತಿತ್ತು. ಅದರ ಬಗ್ಗೆ ಅವರೂ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ನಮ್ಮ ಶೆಡ್ಡಿಗೆ ಬರುವ ಹೊತ್ತಿಗೆ ಅವರು ನಿವೃತ್ತರಾಗಿ ವರ್ಷ ಕಳೆದಿತ್ತು. ನಾನು ಮದುವೆಯಾಗಿ ಕಡೂರು ಸೇರಿದ್ದೆ. ನಮ್ಮ ಯಜಮಾನರು ಟ್ರ್ಯಾಕ್ಟರ್ ಟ್ರೈಲರ್ ಮಾಡುವುದರಲ್ಲಿ ಹೆಸರು ಮಾಡಿದವರು. ಅಳತೆ ಬರೆಯುವುದು, ನಕ್ಷೆ ಹಾಕುವುದು ನನ್ನ ಕೆಲಸ.

"ಒಂದು ಸಣ್ಣ ಟ್ರೈಲರ್ ಬೇಕು ಕಣವ್ವಾ" ಎಂದರು. "ಕಾರು ಎಳ್ಕೊಂಡು ಹೋಗೋ ಅಂಥದ್ದು. ಒಳಗೆ ಇಬ್ರು ಮಲಗ್ಬೇಕು."

ನಮ್ಮವರು ನಕ್ಕರು. ಕಂಡಕ್ಟರಣ್ಣ ನಗಲಿಲ್ಲ. ಕಾರಿನ ಕಡೆ ಕೈ ತೋರಿಸಿದರು. ಹಳೆಯ ಸಣ್ಣ ಕಾರಿನ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ಒರಗಿಸಿಕೊಂಡು ಅವರ ಹೆಂಡತಿ ಮಲಗಿದ್ದರು. ಬೆನ್ನುಮೂಳೆ ಸವೆದು ಅರ್ಧ ಗಂಟೆಯ ಮೇಲೆ ಕೂರಲಾಗದು. ಗಂಟೆಗೊಮ್ಮೆ ಮೂತ್ರಕ್ಕೆ ಹೋಗಲೇಬೇಕು. ಎಂಟು ವರ್ಷದಿಂದ ಆಕೆ ಆಸ್ಪತ್ರೆಗಲ್ಲದೆ ಬೇರೆಲ್ಲಿಗೂ ಹೋಗಿರಲಿಲ್ಲ.

"ನಾನು ದಿನಾ ತರೀಕೆರೇಲಿ ನಿಂತು ಕೆಮ್ಮಣ್ಣುಗುಂಡಿಗೆ ಹೋಗೋರು ಇಳೀರಿ ಇಳೀರಿ ಅಂತ ಕೂಗಿದ್ದೇ ಬಂತು" ಎಂದರು. "ನಾನೂ ನೋಡಿಲ್ಲ, ಇವ್ಳೂ ನೋಡಿಲ್ಲ. ಸಾಕಾಗೈತೆ ಕಣವ್ವಾ. ನಂಗೇನು ದೂರ ಹೋಗೋ ಆಸೆ ಇಲ್ಲ. ಎಲ್ಲಾದ್ರೂ ಒಂದು ಕಡೆ ನಿಲ್ಲಿಸ್ಬೇಕು. ಹೊರಡೋ ಗಂಟೆ ಹೊಡೀದಂಗೆ ನಿಂತಿರ್ಬೇಕು."

ಅಷ್ಟರಲ್ಲಾಗಲೇ ಎರಡು ಟ್ರೈಲರ್ ನೋಡಿ ಬಂದಿದ್ದರು. ಬೆಂಗಳೂರಿನಲ್ಲಿ ನೋಡಿದ್ದು ಹೊಚ್ಚಹೊಸದು. ಒಳಗೆ ಫ್ರಿಜ್ಜು, ಒಲೆ, ಟಿವಿ. ಭಾರ ಎಷ್ಟೆಂದರೆ, ಎಳೆಯಲು ದೊಡ್ಡ ಜೀಪೇ ಬೇಕು. ಇನ್ನೊಂದು ಚಿಕ್ಕಮಗಳೂರಿನ ಕಡೆಯ ತೋಟವೊಂದರಲ್ಲಿ ಬಿದ್ದಿದ್ದ ಹಳೆಯದು. ಹಗುರವೇನೋ ಹೌದು, ಆದರೆ ನೆಲದ ಹಲಗೆ ನೀರು ಕುಡಿದು ಮೆತ್ತಗಾಗಿತ್ತು. ಅದರೊಳಗೆ ಅವರು ಅಂಗಾತ ಮಲಗಿ ಕಣ್ಣು ಮುಚ್ಚಿ ನೋಡಿದರಂತೆ. "ಮೂಗಿಗೆ ಬೂಷ್ಟು ವಾಸ್ನೆ ಬಡೀತು. ಇವಳಿಗೆ ಮೊದ್ಲೇ ಉಸಿರಾಟ ಕಷ್ಟ. ಬ್ಯಾಡ ಅಂದ್ಬುಟ್ಟೆ."

ನಮ್ಮವರಿಗೆ ತೆಳುವಾಗಿ ಮಾಡಿ ಅಭ್ಯಾಸವಿರಲಿಲ್ಲ. ಮೊದಲ ಚೌಕಟ್ಟಿಗೆ ದಪ್ಪ ಕಬ್ಬಿಣದ ಆಂಗಲ್ಲನ್ನೇ ಹಾಕಿದರು. ಕೊಬ್ಬರಿ ಲಾರಿಗಳನ್ನು ತೂಗುವ ವೇಬ್ರಿಜ್ಜಿಗೆ ಅದನ್ನು ಒಯ್ದು ನಿಲ್ಲಿಸಿದಾಗ, ಇನ್ನೂ ಗೋಡೆ ಚಾವಣಿ ಏನೂ ಇಲ್ಲದೆಯೇ, ಆ ಕಾರು ಎಳೆಯಬಹುದಾದ ಭಾರದ ಹತ್ತಿರ ಬಂದಿತ್ತು.

"ಸ್ವಾಮಿ, ನೀವು ಇದ್ರಲ್ಲಿ ಗೊಬ್ಬರ ಹೇರ್ತೀರೋ, ನನ್ನ ಹೆಂಡ್ತೀನ ಮಲಗಿಸ್ತೀರೋ?" ಎಂದು ಕಂಡಕ್ಟರಣ್ಣ ಕೇಳಿದರು.

"ರೋಡಲ್ಲಿ ಮುರಿದ್ರೆ ನನ್ನ ಹೆಸ್ರು ಹೋಗುತ್ತೆ ಕಣ್ರೀ" ಎಂದು ನಮ್ಮವರು ರೇಗಿದರು.

"ಮುರೀದಂಗೂ ಇರ್ಬೇಕು, ಎಳೆಯಂಗೂ ಇರ್ಬೇಕು. ಅದಕ್ಕೇ ನಿಮ್ಮತ್ರ ಬಂದಿರೋದು."

ಅಂದು ಇಡೀ ಚೌಕಟ್ಟನ್ನು ಬಿಚ್ಚಿ ಮೂಲೆಗಿಟ್ಟು, ತೆಳು ಪೈಪಿನಲ್ಲಿ ಮತ್ತೆ ಶುರುಮಾಡಿದೆವು. ಗೋಡೆಗೆ ಅಲ್ಯೂಮಿನಿಯಂ ತಗಡು, ನಡುವೆ ಥರ್ಮಾಕೋಲು. ಒಲೆ ಬೇಡ, ಬುತ್ತಿ ಸಾಕು ಎಂದರು. ಮೇಜು ಬೇಡ. ಕಪಾಟು ಬೇಡ. ಎರಡು ಹಾಸಿಗೆ, ಒಂದು ನೀರಿನ ಡ್ರಮ್ಮು, ಹಿಂಬದಿಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಪುಟ್ಟ ಕಮೋಡಿನ ಜಾಗ. ಅಷ್ಟೇ. ಬೇಡವೆನ್ನುವುದರಲ್ಲಿ ಅವರಷ್ಟು ಗಟ್ಟಿ ಗಿರಾಕಿಯನ್ನು ನಾವು ಕಂಡಿರಲಿಲ್ಲ. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಕೇಳಿದ್ದು ಒಂದೇ. "ಕಿಟಕಿ ಕೆಳಗಿಡಿಸಿ ಕಣ್ರೀ. ನಿಂತೋರಿಗೆ ಬೇಕಾದಂಗೆ ಎಲ್ಲರೂ ಇಡ್ತಾರೆ. ಮಲಗ್ದೋರಿಗೂ ಕಾಣ್ಲಿ." ನಾನು ನಕ್ಷೆಯನ್ನು ಅಳಿಸಿ, ಕಿಟಕಿಯನ್ನು ಹಾಸಿಗೆಯ ಮಟ್ಟಕ್ಕೆ ಇಳಿಸಿ ಬರೆದೆ. ಮೆಟ್ಟಿಲಿನ ಎತ್ತರವನ್ನು ಅವರು ಟೇಪಿನಿಂದ ಅಳೆಯಲಿಲ್ಲ. ಹೆಂಡತಿಯ ಕಾಲನ್ನು ಕೈಯಲ್ಲಿ ಹಿಡಿದು, ನೋವು ಎಲ್ಲಿ ಶುರುವಾಗುತ್ತದೆಂದು ಕೇಳುತ್ತಾ ಎತ್ತಿ, ಅಲ್ಲಿಂದ ಎರಡು ಬೆರಳು ಕೆಳಗೆ ಸೀಮೆಸುಣ್ಣದಿಂದ ಗೆರೆ ಎಳೆದರು.

ಮಾಡುವುದಕ್ಕಿಂತ ಕಾಗದಪತ್ರವೇ ಹೆಚ್ಚು ದಿನ ತಿಂದಿತು. ಕಾರಿಗೆ ಕಟ್ಟುವ ಟ್ರೈಲರನ್ನು ನಾವೂ ಹಿಂದೆ ಮಾಡಿರಲಿಲ್ಲ. ನಕ್ಷೆ, ಒಪ್ಪಿಗೆ, ತಪಾಸಣೆ, ನೋಂದಣಿ ಎಂದು ಮಳೆಗಾಲ ಕಳೆಯಿತು, ದೀಪಾವಳಿ ಕಳೆಯಿತು. ಮನೆಯಲ್ಲಿ ನನ್ನ ಅತ್ತೆಗೆ ಹುಷಾರಿಲ್ಲ, ಶೆಡ್ಡಿನಲ್ಲಿ ಸುಗ್ಗಿಯ ಕೆಲಸ. ನನಗೆ ಈ ಓಡಾಟ ಸಾಕುಸಾಕಾಗಿತ್ತು. ಒಮ್ಮೆ ಆರ್‌ಟಿಒ ಕಚೇರಿಯ ಬೆಂಚಿನ ಮೇಲೆ ಕೂತು ನಾನು ಗೊಣಗಿದಾಗ ಅವರು, "ನಾನೂ ಎಷ್ಟೋ ಜನಾನ ಬಸ್ ಸ್ಟಾಪಲ್ಲಿ ಕಾಯ್ಸಿದೀನಿ ಬಿಡವ್ವಾ" ಎಂದರು. ಅಷ್ಟು ಹೇಳಿ ಎದ್ದು ಹೋಗಿ, ಗೋಡೆಗೆ ಒರಗಿ, ಕಾಲಗಲಿಸಿ ನಿಂತರು. ಅವರ ಮುಖ ಬಿಳಿಚಿಕೊಂಡಿತ್ತು. ಎದೆ ನೋವಿಗೆ ಮಾತ್ರೆ ನುಂಗುತ್ತಿದ್ದಾರೆಂದು ಆಗ ನನಗೆ ತಿಳಿದಿರಲಿಲ್ಲ.

ಸಂಕ್ರಾಂತಿ ಕಳೆದ ಮೇಲೆ ಕಾಗದ ಕೈಗೆ ಬಂತು. ಮೊದಲ ಪಯಣ ಕೆಮ್ಮಣ್ಣುಗುಂಡಿಗೇ ಎಂದು ಹೊರಟರು. ಏನಾದರೂ ಆದೀತೆಂದು ನಾವಿಬ್ಬರೂ ಪಿಕಪ್ಪಿನಲ್ಲಿ ಹಿಂದೆ ಹೋದೆವು. ಓಡುವಾಗ ಟ್ರೈಲರಿನೊಳಗೆ ಯಾರೂ ಇರಬಾರದು. ಹಾಗಾಗಿ ಅರ್ಧ ಗಂಟೆಗೊಮ್ಮೆ ನಿಲ್ಲಿಸಿ, ಅಕ್ಕನನ್ನು ಕಾರಿನಿಂದ ಇಳಿಸಿ, ಒಳಗೆ ಮಲಗಿಸಿ, ಮತ್ತೆ ಕಾರಿಗೆ ಹತ್ತಿಸಬೇಕಿತ್ತು. ಲಿಂಗದಹಳ್ಳಿ ದಾಟಿ ಏರು ಶುರುವಾಯಿತು. ಮೂರನೆಯ ತಿರುವಿನಲ್ಲಿ ಕಾರು ನಿಂತುಹೋಯಿತು. ಕ್ಲಚ್ಚಿನ ಸುಟ್ಟ ವಾಸನೆ ನಮ್ಮವರೆಗೂ ಬಂತು.

"ಬಿಡಿ, ಪಿಕಪ್ಪಿಗೆ ಕಟ್ಕೊಂಡು ನಾನು ಎಳೀತೀನಿ" ಎಂದರು ನಮ್ಮವರು. ಅವರ ಮುಖ ಸಣ್ಣದಾಗಿತ್ತು. ಇಷ್ಟೆಲ್ಲ ಭಾರ ಇಳಿಸಿಯೂ ಸಾಲಲಿಲ್ಲವಲ್ಲ.

ಕಂಡಕ್ಟರಣ್ಣ ಬಾನೆಟ್ಟಿನ ಮೇಲೆ ಕೈಯಿಟ್ಟು ಬಿಸಿ ನೋಡಿದರು. ಆಮೇಲೆ ಬಗ್ಗಿ ಹೆಂಡತಿಯನ್ನು ಕೇಳಿದರು. "ಏನೇ ಮಾಡಣ? ಇವ್ರು ಎಳೀತಾರಂತೆ."

"ಎಷ್ಟು ದೂರ ಐತೆ ಇನ್ನೂ?"

"ಇನ್ನೂ ಏರೇ ಐತೆ."

"ನಿಮ್ಮ ಮುಖ ನೋಡಿದ್ರೆ ನಿಮ್ಮನ್ನೇ ಯಾರಾದ್ರೂ ಎಳೀಬೇಕು" ಎಂದರು ಅಕ್ಕ. "ಕೆಳಗೆ ಒಂದು ಮರ ಬಂತಲ್ಲ, ಅಲ್ಲಿಗೇ ಹೋಗಣ ಕಣ್ರೀ. ಅಲ್ಲಿಂದ್ಲೇ ಗುಡ್ಡ ಕಾಣುತ್ತೆ. ಮೇಲೆ ಹೋದ್ರೆ ಗುಡ್ಡ ಎಲ್ಲಿ ಕಾಣುತ್ತೆ?"

ಟ್ರೈಲರನ್ನು ಪಿಕಪ್ಪಿಗೆ ಕಟ್ಟಿ ಎಳೆದು ಕೆಳಗಿನ ಹೊಂಗೆ ಮರದಡಿ ನಿಲ್ಲಿಸಿದೆವು. ಅಕ್ಕ ಕಿಟಕಿಯ ಕಡೆ ಮಗ್ಗುಲಾದರು. ಕಂಡಕ್ಟರಣ್ಣ ಚಪ್ಪಲಿ ಬಿಟ್ಟು, ಆಕೆಯ ಬೆನ್ನು ನೀವುತ್ತೇನೆಂದು ಇನ್ನೊಂದು ಹಾಸಿಗೆಯ ಅಂಚಿಗೆ ಕೂತವರು ಹಾಗೇ ಒರಗಿದರು. ಐದು ನಿಮಿಷದಲ್ಲಿ ಗೊರಕೆ. ನಮ್ಮವರು ಕ್ಲಚ್ಚಿನ ವಿಷಯ ಕೇಳಲು ಹೋದಾಗ ಅಕ್ಕ ತುಟಿಗೆ ಬೆರಳಿಟ್ಟರು. "ಎಬ್ಬಿಸ್ಬೇಡಿ. ಹಗಲು ಹೊತ್ತಿನಲ್ಲಿ ಇವ್ರು ಮಲಗಿದ್ದು ನಾನು ಮದುವೆಯಾದಾಗಿಂದ ನೋಡಿಲ್ಲ." ಬಿಸಿಲು ಇಳಿಯುವವರೆಗೂ ನಾವು ಮರದಡಿ ಕಾದೆವು. ಗಾಡಿಗಳು ಗುಡ್ಡದ ಕಡೆ ಹೋಗುತ್ತಲೇ ಇದ್ದವು.

ಆಮೇಲೆ ಅವರು ಏರು ಹತ್ತುವ ಗೋಜಿಗೆ ಹೋಗಲಿಲ್ಲ. ಎರಡು ವರ್ಷ ಬಯಲಿನಲ್ಲೇ ಓಡಾಡಿದರು. ಅಂತರಘಟ್ಟೆಯ ದೇವಿ ಗುಡಿಗೆ ಜನ ಇಲ್ಲದ ದಿನ ನೋಡಿ ಹೋದರು. ಸಿಂಗಟಗೆರೆಯ ಕೆರೆ ಏರಿಯ ಕೆಳಗೆ ಎರಡೆರಡು ದಿನ ನಿಂತರು. ಹೋಗಿಬಂದಾಗಲೆಲ್ಲ ಶೆಡ್ಡಿಗೆ ಟೈರು ನೋಡಿಸಲು ಬರುತ್ತಿದ್ದರು. "ಎಲ್ಲಿಗೆ ಹೋಗಿದ್ರಿ ಅಣ್ಣ?" ಎಂದರೆ, "ಎಲ್ಲೂ ಇಲ್ಲ ಕಣವ್ವಾ, ನಿಂತಿದ್ವಿ" ಎನ್ನುತ್ತಿದ್ದರು. ಮುಖದ ಮೇಲಿನ ದಣಿವು ಪೂರ್ತಿ ಹೋಗಿತ್ತೆಂದು ಹೇಳಲಾರೆ. ಆದರೆ ಶೆಡ್ಡಿನ ಸ್ಟೂಲಿನ ಮೇಲೆ ಕೂತು ಚಹಾ ಕುಡಿಯುವಷ್ಟಾಗಿದ್ದರು.

ಕಳೆದ ಶ್ರಾವಣದಲ್ಲಿ ಹೆಂಡತಿಗೆ ಔಷಧಿ ತರಲು ಹೋದವರು ಅಂಗಡಿಯ ಬೆಂಚಿನ ಮೇಲೆ ಕೂತರಂತೆ. ಮತ್ತೆ ಏಳಲಿಲ್ಲ.

ತಿಂಗಳು ಕಳೆದ ಮೇಲೆ ಅಕ್ಕ ಫೋನು ಮಾಡಿದರು. "ಟ್ರೈಲರ್ ಕೇಳ್ಕೊಂಡು ಯಾರೋ ಬಂದಿದ್ರು. ಕೊಡಲ್ಲ ಅಂದೆ. ನೀನು ಕಾರು ಓಡಿಸ್ತೀಯಲ್ಲ ತಾಯಿ?" ಅಂದಿನಿಂದ ತಿಂಗಳಿಗೊಮ್ಮೆ ನಾನು ಅವರನ್ನು ಕರೆದೊಯ್ಯುತ್ತೇನೆ. ನನಗೆ ಬಿಡುವಿಲ್ಲ, ಬೆನ್ನು ನನ್ನದೂ ನೋಯುತ್ತದೆ. ಆದರೂ ಆಗಲ್ಲ ಎಂದು ನನ್ನ ಬಾಯಲ್ಲಿ ಬರುವುದಿಲ್ಲ.

ಹೋದ ತಿಂಗಳು ಕೆರೆಯ ಬಳಿ ನಿಲ್ಲಿಸಿದ್ದೆ. ಪಕ್ಕದ ಹೊಲದಲ್ಲಿ ಹೆಂಗಸರು ಕಳೆ ಕೀಳುತ್ತಿದ್ದರು. ಸುತ್ತ ಒಂದು ಗಿಡದ ಮರೆಯೂ ಇಲ್ಲದ ಬಯಲು. ಬಸುರಿ ಹೆಂಗಸೊಬ್ಬಳು ಸ್ವಲ್ಪ ಹೊತ್ತು ನಮ್ಮ ಕಡೆಯೇ ನೋಡುತ್ತಿದ್ದು, ಬದು ದಾಟಿ ಬಂದು, ಹಿಂಬದಿಯ ಪುಟ್ಟ ಬಾಗಿಲಿನ ಮುಂದೆ ನಿಂತಳು. ಅಕ್ಕನಿಗೆ ಅರ್ಥವಾಯಿತು.

"ಹೋಗ್ಬಾರವ್ವಾ. ಚಿಲಕ ಒಳಗಿಂದ ಐತೆ" ಎಂದರು ಮಲಗಿದ್ದಲ್ಲಿಂದಲೇ.

ಆಕೆ ಹೊರಬಂದಾಗ ಕಣ್ಣಲ್ಲಿ ನೀರಿತ್ತು. "ಯಾರದಕ್ಕಾ ಇದು?"

"ನಮ್ಮ ಯಜಮಾನರು ಮಾಡಿಸಿದ್ದು. ನಿಮ್ಮೋರನ್ನೂ ಕರಿ, ಹೋಗ್ಬರ್ಲಿ."

ಹೊಲದಿಂದ ಒಬ್ಬೊಬ್ಬರಾಗಿ ಬಂದರು. ಡ್ರಮ್ಮಿನ ನೀರು ಬೇಗ ಮುಗಿಯಿತು. ನಾನು ಕೊಡ ತಗೊಂಡು ಪಂಪ್‌ಸೆಟ್ಟಿಗೆ ಹೋದೆ. ಆ ದಿನ ನಾಲ್ಕು ಸಲ ನೀರು ತಂದೆ.