ನನ್ನ ತಮ್ಮನಿಗಿಂತ ಚಿಕ್ಕ ಕೋಚ್

ಅವರ ಹತ್ತೂ ಬೆರಳಿನ ಉಗುರುಗಳು ಕಚ್ಚಿ ಕಚ್ಚಿ ಬುಡದವರೆಗೆ ಸವೆದಿದ್ದವು. ಲೊಂಬಾರ್ಡ್ ಊರಿನ ನಮ್ಮ ಮನೆಯ ಸೋಫಾದ ತುದಿಯಲ್ಲಿ ಕೂತು ಚಹಾದ ಕಪ್ಪು ಹಿಡಿದಾಗ, ಹೆಬ್ಬೆರಳಿನ ಅಂಚಿನಲ್ಲಿ ಒಣಗಿದ ರಕ್ತವೂ ಕಂಡಿತು. ಡೆಟ್ರಾಯ್ಟ್ ಹತ್ತಿರದ ಕಾಲೇಜೊಂದರ ಫುಟ್‌ಬಾಲ್ ತಂಡಕ್ಕೆ ನಮ್ಮ ಮಗನನ್ನು ಕರೆಯಲು ಬಂದಿದ್ದರು. ಯಾರೋ ಸಹಾಯಕರಿರಬೇಕೆಂದುಕೊಂಡು, ಹೆಡ್ ಕೋಚ್ ಯಾವಾಗ ಬರುತ್ತಾರೆ ಎಂದು ಕೇಳಿಬಿಟ್ಟೆ. ಅವರು ಕಿವಿಯವರೆಗೂ ಕೆಂಪಾದರು. "ನಾನೇ, ಮ್ಯಾಮ್."

ವಯಸ್ಸು ಮೂವತ್ತೆರಡಂತೆ. ಅಡುಗೆಮನೆಗೆ ಬಂದ ಗಂಡನನ್ನು ತಡೆದು ನಿಲ್ಲಿಸಿದೆ. "ಏನ್ರೀ ಇದು? ನನ್ನ ತಮ್ಮನಕಿಂತಾ ಸಣ್ಣಾಂವ ಅದಾನ. ಇಂವನ ಕೈಯಾಗ ನಮ್ಮ ಹುಡುಗನ್ನ ಕೊಡೂದೇನ್ರೀ?"

ನನ್ನ ಗಂಡ ಮೈಸೂರಿನವರು, ನನ್ನ ಧಾರವಾಡದ ಮಾತು ಜೋರಾದರೆ ಅವರಿಗೆ ನಗು. "ಈಗೆಲ್ಲಾ ಹಿಂಗೇ ಕಣೆ. ತಲೆ ನರೆತವರನ್ನ ಮನೆಗೆ ಕಳಿಸಿ ಇಂಥವರನ್ನೇ ಹೈರ್ ಮಾಡ್ತಿದಾರೆ. ಹುಡುಗರ ಮನಸ್ಸು ಇವರಿಗೆ ಬೇಗ ಗೊತ್ತಾಗುತ್ತಂತೆ."

ನನ್ನ ಭಯ ಬೇರೆಯೇ. ಇಲ್ಲಿಯ ಫುಟ್‌ಬಾಲ್ ಕಾಲಿನ ಆಟವಲ್ಲ. ಹೆಲ್ಮೆಟ್ ತೊಟ್ಟು ಒಬ್ಬರ ಮೇಲೊಬ್ಬರು ಡಿಕ್ಕಿ ಹೊಡೆಯುವ ಆಟ. ನಾನೋ ಆಸ್ಪತ್ರೆಯಲ್ಲಿ ಸ್ಕ್ಯಾನ್ ತೆಗೆಯುವವಳು. ತಲೆಬುರುಡೆಯೊಳಗೆ ಏನೇನಾಗಬಹುದೆಂದು ದಿನವೂ ಕಾಣುವವಳು. ಮಗ ಮೈದಾನಕ್ಕಿಳಿದರೆ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತಾಗುತ್ತಿತ್ತು. ಮನೆಗೆ ಬಂದ ಪ್ರತಿ ಕೋಚನ್ನೂ, ಇವನಿಗೇನೂ ಆಗುವುದಿಲ್ಲ ತಾನೆ ಎಂದು ಕೇಳುತ್ತಿದ್ದೆ. ಹಿರಿಯರೆಲ್ಲ ನಕ್ಕು, ಚಿಂತೆ ಬಿಡಿ ಎಂದಿದ್ದರು. ಇವರು ಕಪ್ಪು ಕೆಳಗಿಟ್ಟರು.

"ಹಾಗೆ ಮಾತು ಕೊಡೋಕಾಗಲ್ಲ, ಮ್ಯಾಮ್. ನನಗೂ ಭಯ ಇದೆ. ಆಟದ ದಿನ ಬೆಳಗ್ಗೆ ನನಗೆ ತಿಂಡಿ ಸೇರಲ್ಲ."

ಮಗನಿಗೆ ಇವರೇ ಬೇಕಾದರು. ಒಪ್ಪಿದೆ, ಅರೆಮನಸ್ಸಿನಿಂದ. ತಾನೇ ಹೆದರಿರುವವನು ಅಷ್ಟೊಂದು ಹುಡುಗರನ್ನು ಹೇಗೆ ಕಾದಾನು?

ಮಗ ಕಾಲೇಜು ಸೇರಿದ. ಕೋಚ್ ಹುಡುಗರ ಜೊತೆ ತಾವೂ ಮೈದಾನ ಸುತ್ತುತ್ತಿದ್ದರು. ಹುಡುಗರು ಕೇಳುವ ಹಾಡುಗಳನ್ನೇ ಹಾಕುತ್ತಿದ್ದರು. ನಾನು ಒಯ್ದ ಶೇಂಗಾ ಹೋಳಿಗೆಯನ್ನು ನಿಂತಲ್ಲೇ ತಿಂದು, ಇನ್ನೊಂದಕ್ಕೆ ಕೈ ಚಾಚುತ್ತಿದ್ದರು. ಹುಡುಗರಿಗೆ ಪದೇ ಪದೇ ಹೇಳುವ ಮಾತೊಂದಿತ್ತು: "ಆಟ ಇಪ್ಪತ್ತೆರಡನೇ ವಯಸ್ಸಿಗೆ ಮುಗಿಯುತ್ತೆ. ತಲೆ ಎಂಬತ್ತರವರೆಗೂ ಬೇಕು." ಹುಡುಗರು ಅದನ್ನು ಅಣಕಿಸುತ್ತಿದ್ದರಂತೆ.

ಎರಡನೆಯ ವರ್ಷ ತಂಡ ಸೋಲತೊಡಗಿತು. ಒಂದು ಶನಿವಾರ ನಾನೊಬ್ಬಳೇ ಆಟ ನೋಡಲು ಡ್ರೈವ್ ಮಾಡಿಕೊಂಡು ಹೋಗಿದ್ದೆ. ಕಾಲೇಜಿಗೆ ದೇಣಿಗೆ ಕೊಡುವ ಹಿರಿಯರು ನನ್ನ ಹಿಂದಿನ ಸಾಲಿನಲ್ಲಿದ್ದರು. "ಇದೊಂದು ಸೋತರೆ ಆ ಹುಡುಗನ್ನ ಕಳಿಸೋದೇ," ಎಂದು ಕೋಚ್ ಬಗ್ಗೆ ಮಾತಾಡಿಕೊಳ್ಳುತ್ತಿದ್ದರು.

ಆಟ ಮುಗಿಯುತ್ತ ಬಂದಿತ್ತು. ಚೆಂಡು ಹಿಡಿಯಲು ಎಗರಿದ ಮಗನಿಗೆ ಎದುರಾಳಿಯೊಬ್ಬ ಪಕ್ಕದಿಂದ ಬಂದು ಬಡಿದ. ಮಗ ಬಿದ್ದ, ಎದ್ದ. ಬೆಂಚಿನ ಬಳಿ ವೈದ್ಯರು ಏನೇನೋ ಕೇಳಿ, ಕಣ್ಣು ನೋಡಿ, ಸರಿಯಿದ್ದಾನೆಂದು ತಲೆಯಾಡಿಸಿದರು. ಅವನು ಮತ್ತೆ ಮೈದಾನದ ಅಂಚಿಗೆ ಬಂದು ಹೆಲ್ಮೆಟ್ ಹಾಕಿಕೊಳ್ಳುತ್ತಿದ್ದ. ಕೋಚ್ ಓಡಿಬಂದು ಅದನ್ನು ಕಿತ್ತುಕೊಂಡರು. ಮಗ ಕೂಗಾಡಿದ. ಅವರು ಹೆಲ್ಮೆಟ್ಟನ್ನು ಎದೆಗವಚಿಕೊಂಡು ನಿಂತರು, ಕೊಡಲೇ ಇಲ್ಲ. ಹಿಂದಿನ ಸಾಲಿನವರು "ಹೇಡಿ!" ಎಂದು ಅರಚಿದರು. ತಂಡ ಸೋತಿತು.

ಮೆಟ್ಟಿಲಿಳಿದು ಓಡಿದೆ. "ಐ ಆಮ್ ಫೈನ್, ಅಮ್ಮಾ. ಹೀ ರೂಯಿನ್ಡ್ ಇಟ್," ಎಂದ ಮಗ, ಮರುಕ್ಷಣ ಗೋಡೆ ಹಿಡಿದು ವಾಂತಿ ಮಾಡಿಕೊಂಡ.

ಆಸ್ಪತ್ರೆಯಲ್ಲಿ ಅವನ ಸ್ಕ್ಯಾನ್ ತೋರಿಸಿದಾಗ ನನಗೆ ಯಾರೂ ವಿವರಿಸಬೇಕಾಗಲಿಲ್ಲ. ಬುರುಡೆಯ ಒಳಂಚಿಗೆ ತೆಳ್ಳನೆಯ ಬಿಳಿ ಗೆರೆ. ರಕ್ತ. ಬೇರೆಯವರ ಮಕ್ಕಳಲ್ಲಿ ಎಷ್ಟೋ ಸಲ ನೋಡಿದ್ದ ಗೆರೆ. "ಇನ್ನೊಂದು ಏಟು ಬಿದ್ದಿದ್ರೆ..." ಎಂದರು ಡಾಕ್ಟರು.

ಹೊರಗೆ ಕಾರಿಡಾರಿನ ನೆಲದ ಮೇಲೆ ಕೋಚ್ ಕೂತಿದ್ದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದೆ.

"ಹೆಲ್ಮೆಟ್ಟಿನ ಗದ್ದದ ಪಟ್ಟಿಯನ್ನ ಅವನು ಯಾವಾಗ್ಲೂ ಒಂದೇ ಕೈಯಲ್ಲಿ, ನೋಡದೆ ಹಾಕ್ಕೋತಾನೆ. ಇವತ್ತು ಎರಡು ಕೈಯಿಂದಲೂ ಆಗಲಿಲ್ಲ." ಹೆಬ್ಬೆರಳಿನ ಉಗುರು ಕಚ್ಚುತ್ತ ಹೇಳಿದರು: "ನನಗೂ ಖಾತ್ರಿ ಇರಲಿಲ್ಲ, ಮ್ಯಾಮ್. ಹೆದರಿಕೆ ಆಯ್ತು, ಅಷ್ಟೇ."

ನಾನೂ ಅವರ ಪಕ್ಕದಲ್ಲಿ ನೆಲದ ಮೇಲೆಯೇ ಕೂತೆ. ಲೊಂಬಾರ್ಡಿನಿಂದ ಗಂಡ ಬಂದು ಮುಟ್ಟುವವರೆಗೂ ಇಬ್ಬರೂ ಮಗನ ಕೋಣೆಯ ಬಾಗಿಲನ್ನೇ ನೋಡುತ್ತಿದ್ದೆವು. ಯಾರಾದರೂ ಬಿಳಿ ಕೋಟಿನವರು ಹೊರಬಂದರೆ ಇಬ್ಬರೂ ಒಟ್ಟಿಗೇ ಎದ್ದು ನಿಲ್ಲುತ್ತಿದ್ದೆವು.

ಮಗ ಉಳಿದುಕೊಂಡ. ಆಟ ಬಿಟ್ಟ, ಓದು ಮುಂದುವರಿಸಿದ. ತಂಡ ಸೋತಿದ್ದಕ್ಕೆ ಕೋಚ್ ತಮ್ಮ ಕೆಲಸ ಕಳೆದುಕೊಂಡರು. ಅವರ ಜಾಗಕ್ಕೆ ಬಂದವರು ಅವರಿಗಿಂತಲೂ ಚಿಕ್ಕವರು. ಹಳೆಯ ಕೋಚ್ ಫೋನ್ ಮಾಡಿದರೆ ಮಗ ತಿಂಗಳುಗಟ್ಟಲೆ ಎತ್ತಲಿಲ್ಲ. ಬೇರೆ ರಾಜ್ಯದ ಹೈಸ್ಕೂಲೊಂದಕ್ಕೆ ಕೋಚ್ ಆಗಿ ಹೊರಟ ಅವರು, ಸಾಮಾನು ತುಂಬಿದ ಕಾರಿನಲ್ಲಿ ನಮ್ಮ ಮನೆಗೆ ಬಂದರು. ಬಾಗಿಲು ತೆಗೆದವನು ರಜೆಗೆ ಬಂದಿದ್ದ ಮಗನೇ.

"ಸಿಟ್ಟಿದ್ರೆ ಇರಲಿ. ತಲೆನೋವು ಬರ್ತಿದೆಯಾ, ಅದನ್ನ ಹೇಳು," ಎಂದರು ಅವರು.

ಮಗ ಅವರ ಹೆಗಲಿಗೆ ಮುಖ ಒತ್ತಿ ಅತ್ತ.

ನಾನು ಗಾಬರಿಯಲ್ಲಿ ಕನ್ನಡದಲ್ಲೇ, "ಊಟಾ ಮಾಡಿ ಹೋಗ್ರಿ," ಎಂದೆ. ಅದು ಅವರಿಗೆ ಹೇಗೆ ತಿಳಿಯಿತೋ, ಶೂ ಬಿಚ್ಚಿ ಒಳಗೆ ಬಂದರು. ಬಡಿಸುವ ಗಡಿಬಿಡಿಯಲ್ಲಿ ಆಡಬೇಕಾದ ಮಾತು ಆಡದೇ ಉಳಿಯಿತು.

ಮಗ ಈಗ ಕೆಲಸಕ್ಕೆ ಹೋಗುತ್ತಾನೆ. ಸಂಜೆ ತಡವಾದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ, ಕಿಟಕಿಗೂ ಒಲೆಗೂ ಓಡಾಡುತ್ತೇನೆ. ಆಮೇಲೆ ಬಾಗಿಲಲ್ಲಿ ಕೀಲಿ ತಿರುಗುತ್ತದೆ. "ಅಮ್ಮಾ, ಐ ಆಮ್ ಹೋಮ್," ಎನ್ನುತ್ತಾನೆ. ಆ ದನಿ ಈ ಮನೆಯಲ್ಲಿ ಇನ್ನೂ ಕೇಳುತ್ತಿರುವುದು ಆ ಮನುಷ್ಯನಿಂದ.