ಉಗುರುಬೆಚ್ಚಗಿನ ಬೂದಿ

ನಾನು ಅಂದು ಹೇಳಬೇಕಾಗಿದ್ದದ್ದು ಎರಡೇ ಮಾತು: ಬೂದಿ ಆರಿದೆ. ಹೇಳಲಿಲ್ಲ. ಹೇಳದೆಯೇ ಇಷ್ಟು ವರ್ಷ ಉಂಡೆ, ಮಲಗಿದೆ, ಹಬ್ಬಕ್ಕೆ ತಂಗಿಯ ಮನೆಗೆ ಹೋಗಿ ಹೋಳಿಗೆಯನ್ನೂ ಕಟ್ಟಿಸಿಕೊಂಡು ಬಂದೆ.

ಹೋದ ಸೋಮವಾರ ಕಾಶಿಯ ಕಂಟೋನ್ಮೆಂಟ್ ಕಡೆಯ ಅವಳ ಮನೆಯಲ್ಲಿ ಕೂತಿದ್ದೆ. ಅವಳ ಮೊಮ್ಮಗಳು ತಣ್ಣೀರಲ್ಲಿ ತೊಳೆದ ಗಾಜಿನ ಲೋಟಕ್ಕೆ ಕುದಿಯುವ ಚಹಾ ಹೊಯ್ದಳು. ‘ಟಿಕ್’ ಎಂದಿತು. ಲೋಟದ ಮೈಮೇಲೆ ಕೂದಲೆಳೆಯಂಥ ಒಂದು ಗೀರು. ಆ ಸದ್ದು ನನಗೆ ಹಳೆಯ ಪರಿಚಯ.

ಎಪ್ಪತ್ತರ ದಶಕದ ಮಾತು. ಅಪ್ಪ ಕಾಶಿಯ ಒಂದು ಕನ್ನಡ ಮಠದಲ್ಲಿ ಅಡುಗೆಯವನು. ನನ್ನ ಶಾಲೆ ನಾಲ್ಕನೇ ಇಯತ್ತೆಗೆ ಮುಗಿಯಿತು, ಅದೂ ಹಿಂದಿಯಲ್ಲಿ. ಕನ್ನಡ ಅಕ್ಷರಗಳನ್ನು ಅಪ್ಪನೇ ಮಠದ ಒಲೆಯ ಮುಂದೆ ಬೂದಿ ಹರಡಿ ಬರೆಸಿದ. ಈಗಲೂ ಬರೆಯುವಾಗ ನನಗೆ ಕೈ ತೊಳೆಯಬೇಕೆನಿಸುತ್ತದೆ, ನಗಬೇಡಿ.

ತಂಗಿ ಗಿರಿಜೆ ನನಗಿಂತ ಎರಡು ವರ್ಷ ಚಿಕ್ಕವಳು. ಸೋನಾರ್‌ಪುರದ ಗಲ್ಲಿಯಲ್ಲಿ ನಮ್ಮ ನೆರೆಯ ಚಾಚಿ ಗಾಜಿನ ಮಣಿ ಮಾಡುತ್ತಿದ್ದಳು. ಗಿರಿಜೆ ಅವಳ ಹತ್ತಿರ ಕಲಿಯಲು ಕೂತಳು. ಕಾಲಲ್ಲಿ ತಿದಿ ತುಳಿಯುತ್ತ, ಉರಿಯಲ್ಲಿ ಗಾಜಿನ ಕಡ್ಡಿ ಕರಗಿಸಿ, ಮಣ್ಣು ಸವರಿದ ತಂತಿಗೆ ಅದನ್ನು ಸುತ್ತುವುದು. ಗಾಜು ಜೇನಿನ ಹಾಗೆ ಅವಳ ಮಾತು ಕೇಳುತ್ತಿತ್ತು. ಮನೆಗೆ ಬಂದವರೆಲ್ಲ ಅವಳ ಬೆರಳನ್ನೇ ಹೊಗಳುವವರು. ನನ್ನ ರೊಟ್ಟಿ ತಿಂದುಕೊಂಡೇ ಹೊಗಳುವವರು.

ಮಣಿ ಮಾಡಿದರಾಗಲಿಲ್ಲ, ಅದು ನಿಧಾನವಾಗಿ ಆರಬೇಕು. ಹೊರಗೆ ತಣಿದು ಒಳಗೆ ಕಾದೇ ಉಳಿದರೆ ಬಿರುಕು ಬಿಡುತ್ತದೆ. ಅದಕ್ಕೆ ಬಿಸಿ ಬೂದಿಯಲ್ಲಿ ಹುಗಿದು, ಗಡಿಗೆಗೆ ಕಂಬಳಿ ಸುತ್ತಿ, ಮರುದಿನದ ತನಕ ಮುಟ್ಟಬಾರದು. ಮಠದ ಒಲೆಯಿಂದ ಬೂದಿ ತರುವುದು, ಗಿರಿಜೆ ಕೊಟ್ಟ ತಂತಿಯನ್ನು ಅದರೊಳಗೆ ಹುಗಿಯುವುದು ನನ್ನ ಕೆಲಸ. ಬೆರಳಿಟ್ಟರೆ ‘ಒಂದು’ ಎನ್ನುವಷ್ಟರಲ್ಲಿ ಹಿಂದೆಗೆಯಬೇಕು. ಬಿಸಿಯ ಅಳತೆ ಅಷ್ಟೇ.

ಆ ದಿನ ಚಾಚಿ ನೆಲ್ಲಿಕಾಯಿ ಗಾತ್ರದ ನೀಲಿ ಮಣಿಗಳ ಒಂದು ಸರವನ್ನು ಪೂರ್ತಿ ಗಿರಿಜೆಗೇ ಒಪ್ಪಿಸಿದ್ದಳು. ಸರಿ ಬಂದರೆ ಕಿಟಕಿ ಪಕ್ಕದ ಉರಿ, ನುರಿತವರು ಕೂರುವ ಜಾಗ, ಇನ್ನು ಅವಳದೇ.

ನಾನು ಬೂದಿಯ ಗಡಿಗೆ ಹೊತ್ತು ಮಠದಿಂದ ಹೊರಟೆ. ಬಾಗಿಲಲ್ಲೇ ಧಾರವಾಡ ಕಡೆಯ ನಾಲ್ಕು ಜನ ಹೆಂಗಸರು, ಯಾತ್ರೆಗೆ ಬಂದವರು, ದಾರಿ ತಿಳಿಯದೆ ನಿಂತಿದ್ದರು. ನಾನು ಕನ್ನಡದಲ್ಲಿ ಮಾತಾಡಿದ್ದೇ ತಡ, “ಅಯ್ಯ, ನಮ್ಮಾಕೀನ ಇದ್ದಾಳ ನೋಡ್ರೆ!” ಎಂದು ಕೈ ಹಿಡಿದರು. ಗಡಿಗೆಯನ್ನು ಕಟ್ಟೆಯ ಮೇಲಿಟ್ಟು ವಿಶ್ವನಾಥ ಗಲ್ಲಿಯವರೆಗೆ ಹೋದೆ. ಬಳೆಯಂಗಡಿಯವನ ಜೊತೆ ಅವರ ಪರವಾಗಿ ಹಿಂದಿಯಲ್ಲಿ ಜಗಳವಾಡಿದೆ. “ಎಷ್ಟ ಶಾಣ್ಯಾಕಿ ಇದ್ದೀ ತಂಗಿ!” ಎಂದಳು ಒಬ್ಬಾಕೆ. ಅದನ್ನು ಇನ್ನೊಮ್ಮೆ ಕೇಳುವ ಆಸೆಗೆ ಇನ್ನೆರಡು ಅಂಗಡಿ ಹತ್ತಿಸಿದೆ.

ತಿರುಗಿ ಬಂದು ಬೆರಳಿಟ್ಟೆ. ಒಂದು, ಎರಡು, ಹತ್ತು ಎಣಿಸಿದರೂ ಸುಡಲಿಲ್ಲ. ಮಠದ ಒಲೆ ಅಷ್ಟರಲ್ಲಿ ಆರಿತ್ತು. ಎಲ್ಲಿ ಹೋಗಿದ್ದೆ ಎಂದು ಅಪ್ಪ ಕೇಳಿದರೆ ಏನು ಹೇಳಲಿ? ಅದೇ ಗಡಿಗೆ ಹೊತ್ತು ಚಾಚಿಯ ಮನೆಗೆ ಹೋದೆ.

ಗಿರಿಜೆ ಉರಿಯಿಂದ ಕಣ್ಣು ತೆಗೆಯದೆ ಕೇಳಿದಳು, “ಅಕ್ಕಾ, ಬೂದಿ ಬಿಸಿ ಐತೇನು?”

“ಐತಿ,” ಎಂದೆ.

ಆಮೇಲೆ ಒಂದೊಂದೇ ಮಣಿಯನ್ನು ಅವಳ ಕೈಯಿಂದ ತೆಗೆದುಕೊಂಡು ಉಗುರುಬೆಚ್ಚಗಿನ ಬೂದಿಯಲ್ಲಿ ಹುಗಿದೆ. ಪ್ರತಿ ಸಲವೂ ಹೇಳಬಹುದಿತ್ತು.

ಮರುದಿನ ತೆಗೆದಾಗ ಎಲ್ಲವೂ ನೆಟ್ಟಗೇ ಇದ್ದವು. ದೇವರು ನನ್ನ ಪರ ಎಂದುಕೊಂಡು ಗಂಗೆಗೆ ಒಂದು ದೀಪವನ್ನೂ ಬಿಟ್ಟೆ. ಮೂರನೆಯ ದಿನ ಸರ ಚಾಚಿಯ ಅಂಗೈಯಲ್ಲಿದ್ದಾಗ ‘ಟಿಕ್’ ಎಂದಿತು. ಆಮೇಲೆ ಇನ್ನೊಂದು. ಮತ್ತೊಂದು ಎರಡು ಹೋಳಾಗಿ ನೆಲಕ್ಕೆ ಬಿತ್ತು.

“ರಾಖ್ ಗರಮ್ ಥೀ ನ?” ಬೂದಿ ಬಿಸಿ ಇತ್ತು ತಾನೇ ಎಂದು ಚಾಚಿ ನನ್ನತ್ತ ನೋಡಿದಳು. ನಾನು ಬಾಯಿ ಬಿಡುವ ಮೊದಲೇ ಗಿರಿಜೆ ಅಂದಳು, “ದೀದಿ ಲಾಯೀ ಥೀ, ಚಾಚಿ. ಗರಮ್ ಹೀ ಥೀ.” ಅಕ್ಕ ತಂದದ್ದು, ಬಿಸಿಯೇ ಇತ್ತು.

ಚಾಚಿ ನಿಟ್ಟುಸಿರಿಟ್ಟಳು. ಹಾಗಾದರೆ ತಪ್ಪು ಕೈಯದ್ದು. ಈ ಹುಡುಗಿಯ ಕೈಯಲ್ಲಿ ಆತುರವಿದೆ ಎಂದಳು. ಕಿಟಕಿ ಪಕ್ಕದ ಉರಿ ಬೇರೆಯವಳಿಗೆ ಹೋಯಿತು. ಗಿರಿಜೆ ಸ್ವಲ್ಪ ದಿನ ಮಣಿ ಪೋಣಿಸಿದಳು, ಆಮೇಲೆ ಅದನ್ನೂ ಬಿಟ್ಟಳು.

ಹೋದ ಸೋಮವಾರ ಲೋಟ ಬಿರಿದಾಗ ಮೊಮ್ಮಗಳು ಚಹಾ ಒರೆಸುತ್ತ ಹಿಂದಿಯಲ್ಲಿ ಗೋಗರೆಯುತ್ತಿದ್ದಳು: ಮಣಿ ಮಾಡುವುದನ್ನು ಯಾರೋ ಕಲಿಸುತ್ತಾರಂತೆ, ಹೋಗಲೇ?

“ಬ್ಯಾಡ ಬಿಡವ್ವಾ,” ಎಂದಳು ಗಿರಿಜೆ. “ನಮ್ಮ ಕೈಗೆ ಅದು ಹತ್ತಂಗಿಲ್ಲ. ನನ್ನವೆಲ್ಲ ಒಡದು ಹ್ವಾದುವಲ್ಲ, ಕೇಳು ನಿಮ್ಮ ದೊಡ್ಡಜ್ಜೀನ.”

ಹುಡುಗಿ ನನ್ನತ್ತ ತಿರುಗಿದಳು. ಮತ್ತೆ ಅದೇ ಪ್ರಶ್ನೆ, ಇಷ್ಟು ವರ್ಷಗಳ ಮೇಲೆ. ಈ ಸಲ ನನ್ನ ಪರವಾಗಿ ಉತ್ತರ ಹೇಳಲು ಯಾರೂ ಇರಲಿಲ್ಲ.

“ಹೋಗವ್ವಾ, ಕಲಿ,” ಎಂದೆ. “ನಿಮ್ಮಜ್ಜಿ ಕೈಯಾಗ ಏನೂ ತಪ್ಪಿರಲಿಲ್ಲ. ಬೂದಿ ಆರಿತ್ತು.”

ಗಿರಿಜೆ ಬಹಳ ಹೊತ್ತು ತನ್ನ ಕೈಗಳನ್ನು ನೋಡಿಕೊಂಡಳು. ಹಿಂದೆ, ಮುಂದೆ. ಆಮೇಲೆ ಮೆಲ್ಲಗೆ ಕೇಳಿದಳು, “ನಿನಗ ಗೊತ್ತಿತ್ತೇನಕ್ಕಾ?”

“ಗೊತ್ತಿತ್ತು. ಗೊತ್ತಿದ್ದೂ ಬಿಸಿ ಐತಿ ಅಂದೆ. ತಪ್ಪಾತು, ಗಿರಿಜಾ.”